ಹನ್ನೆರಡನೇ ಪ್ರಶ್ನೆ

ಉರಿಬಿಸಿಲಿನ ಮಧ್ಯಾಹ್ನ. ಸೇತುವೆಯ ನಟ್ಟನಡುವೆ ಒಂದು ಕಾರು ಕೆಟ್ಟು ನಿಂತಿದೆ. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಬಸ್ಸು, ಲಾರಿ, ಸ್ಕೂಟರುಗಳು ಹಾರ್ನ್ ಬಡಿಯುತ್ತಿವೆ. ಇಂಥ ಹೊತ್ತಿನಲ್ಲಿ ಬೇರೆ ಯಾವ ಟೋಯಿಂಗ್ ಲಾರಿಯವನಾದರೂ ಏನು ಮಾಡುತ್ತಿದ್ದ ಹೇಳಿ? ಕೊಕ್ಕೆ ಸಿಕ್ಕಿಸಿ, ಕಾರನ್ನು ಲಾರಿಯ ಮೇಲೆಳೆದುಕೊಂಡು ಹೊರಟೇಬಿಡುತ್ತಿದ್ದ. ನಮ್ಮ ಕೊಕ್ಕೆಯಣ್ಣ ಮಾತ್ರ ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮೂಗಿನ ಮೇಲಿಟ್ಟುಕೊಂಡು ಚೀಟಿ ಓದುತ್ತಿದ್ದ.

"ಪ್ರಶ್ನೆ ನಾಲ್ಕು. ಮೊದಲ ಹತ್ತು ಕಿಲೋಮೀಟರಿಗೆ ಇಷ್ಟು ಚಾರ್ಜು, ಆಮೇಲೆ ಪ್ರತಿ ಕಿಲೋಮೀಟರಿಗೆ ಇಷ್ಟು, ಕಾಯಿಸಿದ್ರೆ ಗಂಟೆಗೆ ಇಷ್ಟು. ಕಾರು ಮುಟ್ಟೋಕೆ ಮುಂಚೇನೇ ಇದನ್ನ ನಿಮಗೆ ಹೇಳಿದೀನಿ. ಹೌದಾ?"

"ಹೌದಪ್ಪಾ, ಹೌದು!" ಎಂದ ಕೋಟು ತೊಟ್ಟ ಗಿರಾಕಿ, ಬೆವರು ಒರೆಸಿಕೊಳ್ಳುತ್ತ. "ಬೇಗ ಎತ್ತಯ್ಯ, ಜನ ನನ್ನ ಹೊಡೀತಾರೆ ಈಗ."

"ಹೊಡೆಯಲ್ಲ, ಬೈತಾರೆ ಅಷ್ಟೆ. ಪ್ರಶ್ನೆ ಐದು."

ಐದಾಯಿತು, ಆರಾಯಿತು. ಏಳನೆಯದು, ಕಾರಿನೊಳಗೆ ಬೆಲೆಬಾಳುವ ವಸ್ತು ಏನಾದರೂ ಇದೆಯೇ ಎಂಬುದು.

"ಏನೂ ಇಲ್ಲ. ಹಿಂದಿನ ಸೀಟಲ್ಲಿ ಒಂದು ಹೊದಿಕೆ ಗಂಟಿದೆ. ನಮ್ಮಮ್ಮನ ಹಳೇ ಸಾಮಾನು."

ಕೊಕ್ಕೆಯಣ್ಣ ಗಾಜಿಗೆ ಹಣೆ ಹಚ್ಚಿ ನೋಡಿದ. ನೀಲಿ ಶಾಲು ಹೊದ್ದ ಒಂದು ದೊಡ್ಡ ಗಂಟು ಸೀಟಿನುದ್ದಕ್ಕೂ ಬಿದ್ದಿತ್ತು. ಗಿರಾಕಿಯ ಸಾಮಾನು ಮುಟ್ಟಬಾರದು ಎಂದು ಚೀಟಿಯ ಕೆಳಗೆ ಅಚ್ಚಾಗಿತ್ತು, ಅವನು ಮುಟ್ಟಲಿಲ್ಲ. ವಾಹನದ ದೋಷವೇನು ಎಂಬುದು ಒಂಬತ್ತನೇ ಪ್ರಶ್ನೆ. ಸ್ಟಾರ್ಟ್ ಆಗುತ್ತಿಲ್ಲ ಎಂದ ಕೋಟಿನವನು; ಕೊಕ್ಕೆಯಣ್ಣ ಅದನ್ನೂ ಬರೆದುಕೊಂಡ. ಎಲ್ಲಿಗೆ ಒಯ್ಯಬೇಕು? ಊರಾಚೆಯ ಹಳೇ ಕಾರು ಮಾರುವವನ ಅಂಗಡಿಗೆ. ಹನ್ನೊಂದು ಪ್ರಶ್ನೆಯೂ ಮುಗಿದು ಸಹಿ ಬಿದ್ದ ಮೇಲೆಯೇ ಕೊಕ್ಕೆ ಕಾರಿನ ಮೂತಿಗೆ ತಗುಲಿದ್ದು. ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತ ಕಾರನ್ನು ಲಾರಿಯ ಚಪ್ಪಟೆ ಬೆನ್ನಿನ ಮೇಲೆಳೆಯಿತು. ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದಿದ್ದಾಯಿತು. ಕೋಟಿನವನು ಟ್ಯಾಕ್ಸಿ ಹಿಡಿದು ಮುಂದೆ ಹೋದ.

ಕೊಕ್ಕೆ ಎಂಬ ಹೆಸರು ಅವನಿಗೆ ಕಸುಬಿನಿಂದ ಬಂತು ಎಂದು ಕೆಲವರು, ಎಲ್ಲದಕ್ಕೂ ಕೊಕ್ಕೆ ಹಾಕುವ ಬುದ್ಧಿಯಿಂದ ಬಂತು ಎಂದು ಉಳಿದವರು ಹೇಳುತ್ತಾರೆ. ಆದರೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಹದಿನೈದು ವರ್ಷದ ಹಿಂದೆ, ಹರೆಯದ ಹುರುಪಿನಲ್ಲಿ, ಒಬ್ಬಳು ಟೈಪಿಸ್ಟಿನ ಸ್ಕೂಟರನ್ನು ಅವನು ಎತ್ತಿಕೊಂಡು ಹೋಗಿದ್ದ. ಅವಳು ವಕೀಲರ ಕಚೇರಿಯಿಂದ ಓಡಿಬಂದು ಲಾರಿಗೆ ಅಡ್ಡ ನಿಂತು, "ನನ್ನ ಒಂದು ಮಾತು ಕೇಳಿದ್ರೇನ್ರೀ?" ಎಂದು ಕೂಗಿದ್ದಳು. ಇವನು ಪೆಕರನಂತೆ ನಕ್ಕು, ಬಿಡಿಸಿಕೊಳ್ಳಲು ದುಪ್ಪಟ್ಟು ಚಾರ್ಜು ಹೇಳಿದ್ದ. ಮರುದಿನವೇ ಸಾರಿಗೆ ಕಚೇರಿಯ ದೂರು ಪುಸ್ತಕದಲ್ಲಿ ಅವಳ ದೂರು ದಾಖಲಾಯಿತು. ವಿಚಾರಣೆಗೆ ಮೂರು ಸಲ ಎದುರುಬದುರು ಕೂತರು. ಮೂರನೇ ಸಲ ಇವನು ಸೋತ. ನಾಲ್ಕನೇ ಸಲ ವಿಚಾರಣೆಯೇ ಇರಲಿಲ್ಲ, ಆದರೂ ಇಬ್ಬರೂ ಬಂದು ಕೂತಿದ್ದರು. ಆ ವರ್ಷವೇ ಮದುವೆಯಾಯಿತು.

ಚೀಟಿ ಅವಳೇ ಟೈಪ್ ಮಾಡಿದ್ದು. ಮದುವೆಯಾದರೂ ದೂರನ್ನು ಮಾತ್ರ ಅವಳು ವಾಪಸ್ ತೆಗೆದುಕೊಂಡಿರಲಿಲ್ಲ. ಎರಡು ದೂರು ಬಿದ್ದರೆ ಪರ್ಮಿಟ್ ರದ್ದು ಎಂಬುದು ಕಚೇರಿಯ ನಿಯಮ. ಹಾಗಾಗಿ ಹದಿನೈದು ವರ್ಷದಿಂದ ಅವನ ತಲೆಯ ಮೇಲೆ ಒಂದು ದೂರು ತೂಗುತ್ತಲೇ ಇತ್ತು. ಪ್ರತಿ ವರ್ಷ ಪರ್ಮಿಟ್ ನವೀಕರಣದ ದಿನ ಅವನು ಗೋಗರೆಯುತ್ತಿದ್ದ: "ಅದನ್ನೊಂದು ವಾಪಸ್ ತಗೊಳ್ಳೇ."

"ನಾನು ಬರೆದಿದ್ದು ಸುಳ್ಳಾ?"

"ಅಲ್ಲ."

"ಮತ್ತೆ?"

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಬರುವ ಸೋಮವಾರವೇ ಈ ವರ್ಷದ ನವೀಕರಣ. ಇನ್ನೊಂದು ದೂರು ಬಿದ್ದರೆ ಲಾರಿಯೂ ಇಲ್ಲ, ಕೊಕ್ಕೆಯೂ ಇಲ್ಲ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಮನಸ್ಸಿರಲಿಲ್ಲ.

ಸೇತುವೆ ದಾಟಿ, ಉಬ್ಬು ಹತ್ತಿಳಿದು ಪೇಟೆ ಬೀದಿಗೆ ಬಂದಾಗ ಅವನಿಗೊಂದು ವಿಚಿತ್ರ ಕಂಡಿತು. ಬಸ್ ನಿಲ್ದಾಣದಲ್ಲಿ ನಿಂತವರು ಲಾರಿಯತ್ತ ಕೈಬೀಸುತ್ತಿದ್ದರು. ಕೊಕ್ಕೆಯಣ್ಣನೂ ಬೀಸಿದ. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಬಂದು ಏನೋ ಕೂಗಿದ. ಇವನು ಹಲ್ಲುಬಿಟ್ಟು ಕೈಯೆತ್ತಿದ. ಪರವಾಗಿಲ್ಲವೇ, ಹದಿನೈದು ವರ್ಷ ನಿಯತ್ತಿನಿಂದ ದುಡಿದದ್ದಕ್ಕೆ ಜನ ಈಗ ಗುರುತಿಸುತ್ತಿದ್ದಾರೆ ಎಂದುಕೊಂಡ. ಎದೆ ಎರಡು ಬೆರಳು ಮುಂದೆ ಬಂತು. ಅಯ್ಯೋ ಪಾಪ!

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ. ಅವನು ನೋಡುತ್ತಿದ್ದುದು ಕೊಕ್ಕೆಯಣ್ಣನನ್ನಲ್ಲ, ಅವನ ತಲೆಯ ಹಿಂದಕ್ಕೆ, ಮೇಲಕ್ಕೆ.

"ನಮಸ್ಕಾರ ಟೀಚರ್!" ಎಂದು ಕೂಗಿದ. ಆಮೇಲೆ ಇವನ ಕಡೆ ತಿರುಗಿ, "ಏನಣ್ಣ, ನಮ್ಮ ಕ್ಲಚ್ ಟೀಚರನ್ನ ಎಲ್ಲಿಗೆ ಮೆರವಣಿಗೆ ಹೊರಡಿಸಿದೀಯ?"

ಕೊಕ್ಕೆಯಣ್ಣ ಕನ್ನಡಿಯಲ್ಲಿ ನೋಡಿದ. ಲಾರಿಯ ಬೆನ್ನ ಮೇಲಿನ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ, ನೀಲಿ ಶಾಲು ಹೊದ್ದ ಒಬ್ಬ ಅಜ್ಜಿ ನೆಟ್ಟಗೆ ಕೂತು ಇಕ್ಕೆಲದ ಜನಕ್ಕೆ ಕೈಬೀಸುತ್ತಿದ್ದಳು.

ಎಳೆಯುವ ವಾಹನದಲ್ಲಿ ಇರುವೆ ಕೂತರೂ ತಪ್ಪು, ಇದು ಆರಡಿ ಮೇಲೆ ಅಜ್ಜಿ! ಸಿಗ್ನಲ್ ದಾಟಿದವನೇ ಪೆಟ್ರೋಲ್ ಬಂಕಿನ ಎದುರು, ಮರದ ನೆರಳಿಗೆ ಲಾರಿ ನಿಲ್ಲಿಸಿ, ಬಿದ್ದೆನೋ ಎದ್ದೆನೋ ಎಂದು ಮೇಲೆ ಹತ್ತಿದ. ಅಜ್ಜಿ ಬಾಗಿಲು ಲಾಕ್ ಮಾಡಿ, ಗಾಜನ್ನು ಎರಡು ಬೆರಳಿನಷ್ಟು ಇಳಿಸಿದಳು.

"ಅಮ್ಮಾ, ದಯವಿಟ್ಟು ಕೆಳಗಿಳೀರಿ. ನೀವಿದ್ದಿದ್ದು ನನಗೆ ಗೊತ್ತಿರಲಿಲ್ಲ."

"ಯಾಕಪ್ಪ ಇಳೀಲಿ? ನನ್ನ ಕಾರು, ನಾನು ಕೂತಿದೀನಿ." ಕೈಚೀಲದಿಂದ ಕಾರಿನ ದಾಖಲೆ ತೆಗೆದು ಗಾಜಿಗೆ ಒತ್ತಿದಳು. "ಓದು. ಯಾರ ಹೆಸರಿದೆ?"

ಹೆಸರು ಅವಳದೇ ಇತ್ತು. ಮೊದಲ ಪ್ರಶ್ನೆಗೆ ಕೋಟಿನವನು ಮಾಲೀಕ ನಾನೇ ಎಂದಿದ್ದ. ಅಜ್ಜಿ ಮೂವತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವಳು; ಆ ಕಾರಿನಲ್ಲೇ ಅರ್ಧ ಊರಿಗೆ ಗೇರು ಹಾಕಲು ಕಲಿಸಿದ್ದಳು. ಈಗ ಎಪ್ಪತ್ತನಾಲ್ಕು. ಈ ವಯಸ್ಸಿನಲ್ಲಿ ಕಾರು ಯಾಕೆ ಎಂದು ಮಗನ ರಾಗ ಶುರುವಾಗಿ ಆರು ತಿಂಗಳಾಗಿತ್ತು. ನಿನ್ನೆ ರಾತ್ರಿ ಸರ್ವೀಸಿಗೆ ಬಿಡುತ್ತೇನೆ ಎಂದು ಅವನು ಕೀಲಿ ಕೇಳಿದಾಗ ಅವನ ಕಿವಿ ಕೆಂಪಾಗಿತ್ತು. ಚಿಕ್ಕಂದಿನಿಂದಲೂ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ.

"ನನ್ನ ಕಾರನ್ನ ಎಲ್ಲಿಗೆ ಕೊಂಡೊಯ್ತಾನೆ ನೋಡೇಬಿಡೋಣ ಅಂತ ಬೆಳಗ್ಗೆ ಐದಕ್ಕೇ ಬಂದು ಹಿಂದುಗಡೆ ಮಲಗಿದೆ. ರಾತ್ರಿಯೆಲ್ಲಾ ನಿದ್ದೆ ಬಂದಿರಲಿಲ್ಲ, ಅಲ್ಲೇ ಹತ್ತಿಬಿಡ್ತು ನೋಡು. ಎಚ್ಚರಾದಾಗ ಆಕಾಶದಲ್ಲಿದೀನಿ! ನಿಜ ಹೇಳ್ತೀನಿ, ಒಂದು ಗಳಿಗೆ ಸತ್ತೇಹೋದೆ ಅಂದುಕೊಂಡೆ. ಆಮೇಲೆ ಕ್ಷೌರದಂಗಡಿ ಕಾಣಿಸ್ತು, ಸಮಾಧಾನ ಆಯ್ತು." ಅಜ್ಜಿ ಕಿಲಕಿಲ ನಕ್ಕಳು. "ಎಲ್ಲಿ, ಆ ಚೀಟಿ ಕೊಡು."

ಗಾಜಿನ ಸಂದಿಯಿಂದ ಚೀಟಿ ಒಳಹೋಯಿತು. ಅಜ್ಜಿ ತನ್ನ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದಳು. ಏಳನೇ ಪ್ರಶ್ನೆಗೆ ಬಂದು ನಿಂತಳು.

"ಬೆಲೆಬಾಳೋದು ಏನೂ ಇಲ್ಲ ಅಂದನಾ?"

ಕೊಕ್ಕೆಯಣ್ಣ ಅಂಗಿಯ ತುದಿಯಿಂದ ಕನ್ನಡಕ ಒರೆಸತೊಡಗಿದ.

"ಹನ್ನೊಂದು ಪ್ರಶ್ನೆ ಕೇಳಿದೀಯ. ಬಂಗಾರ ಇದೆಯಾ, ನಾಯಿ ಇದೆಯಾ, ಎಲ್ಲಾ ಕೇಳಿದೀಯ. ಒಳಗೆ ಮನುಷ್ಯರು ಯಾರಾದ್ರೂ ಇದಾರಾ ಅಂತ ಯಾಕಪ್ಪ ಕೇಳಲಿಲ್ಲ?"

"ಚೀಟೀಲಿ ಇರಲಿಲ್ಲ ಅಮ್ಮ," ಎಂದ ಅವನು. ಹೇಳಿದ ಮೇಲೆ ನಾಚಿಕೆಯಾಯಿತು. ನೀಲಿ ಗಂಟು ಉಸಿರಾಡುತ್ತಿದ್ದುದನ್ನು ಕಣ್ಣಾರೆ ಕಾಣಬಹುದಿತ್ತು. ಚೀಟಿ ಹೇಳಿದ ಕಡೆ ಮಾತ್ರ ನೋಡುವ ಚಾಳಿ ಬಿದ್ದು, ಎದುರಿಗಿದ್ದದ್ದು ಕಂಡಿರಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೋಟಿನವನು.

"ಎಲ್ಲಿದೀಯಯ್ಯಾ? ಕೊಳ್ಳೋರು ಕಾಯ್ತಿದಾರೆ."

"ಸಾರ್, ನಿಮ್ಮ ತಾಯಿ ಕಾರಲ್ಲಿದಾರೆ. ಅವರು ಒಪ್ತಿಲ್ಲ."

"ನಮ್ಮಮ್ಮ ಮನೇಲಿ ಮಲಗಿದಾರೆ! ಹೆಚ್ಚು ಕಾಸಿಗೆ ನಾಟಕ ಆಡ್ತೀಯಾ? ಸಹಿ ಹಾಕಿರೋದು ನಾನು. ಕಾಲು ಗಂಟೇಲಿ ಕಾರು ಇಲ್ಲಿರಬೇಕು, ಇಲ್ಲಾಂದ್ರೆ ನೇರ ಸಾರಿಗೆ ಕಚೇರಿಗೆ ಹೋಗಿ ದೂರು ಬರೀತೀನಿ!" ಎಂದು ಫೋನಿಟ್ಟ.

"ಅವನು ಹೇಳಿದಲ್ಲಿಗೆ ಒಂದು ಗೇಣು ಹೋದರೂ ದೂರು ಬರೆಯೋದು ನಾನು," ಎಂದಳು ಅಜ್ಜಿ ಗಾಜಿನ ಸಂದಿಯಿಂದ, ನಗುತ್ತಲೇ.

ಅತ್ತ ದರಿ, ಇತ್ತ ಪುಲಿ. ಹೋದರೂ ದೂರು, ಹೋಗದಿದ್ದರೂ ದೂರು, ಯಾವುದೇ ಬಿದ್ದರೂ ಅದು ಎರಡನೆಯದು. ಹೆಂಡತಿಗೆ ಫೋನು ಹಚ್ಚಿದ. ತಮ್ಮ ಆಫೀಸಿನ ಫೋನು ಎಂದಿನಂತೆ ಎಂಗೇಜ್. ಮತ್ತೆ ಹಚ್ಚಿದ, ಮತ್ತೆ ಎಂಗೇಜ್. ಕೊಕ್ಕೆಯಣ್ಣ ಬಿಸಿಲಿಗೆ ಕಾದ ಕಬ್ಬಿಣದ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಲೆಕ್ಕ ಹಾಕಿದ. ಮಗನ ಸಹಿ ಕೈಯಲ್ಲಿದೆ, ಬಾಯಿ ಮುಚ್ಚಿಕೊಂಡು ಹೋಗಿ ಇಳಿಸಿಬಿಟ್ಟರೆ ಕಾಗದದ ಪ್ರಕಾರ ತಾನು ಸರಿ. ಅಜ್ಜಿ ದೂರು ಕೊಟ್ಟರೂ ಚೀಟಿ ತೋರಿಸಿ ವಾದ ಮಾಡಬಹುದು. ಆದರೆ ಹದಿನೈದು ವರ್ಷದ ಹಿಂದೆ ಲಾರಿಗೆ ಅಡ್ಡ ನಿಂತು ಏದುಸಿರು ಬಿಡುತ್ತಿದ್ದ ಆ ಹುಡುಗಿಯ ಮುಖ ಕಣ್ಣಮುಂದೆ ಬಂದು ಕೂತಿತ್ತು, ಕದಲಲೊಲ್ಲದು. ಹಾಳಾಗಿ ಹೋಗಲಿ ಪರ್ಮಿಟ್ಟು ಎಂದು ಎದ್ದ. ಚೀಟಿ ಪುಸ್ತಕದಿಂದ ಹೊಸದೊಂದು ಹಾಳೆ ಹರಿದ.

"ಪ್ರಶ್ನೆ ಒಂದು," ಎಂದ. "ಈ ವಾಹನದ ಮಾಲೀಕರು ನೀವೇನಾ ಅಮ್ಮ?"

ಅಜ್ಜಿಯ ನಗು ನಿಂತಿತು. ಅವಳು ಗಾಜನ್ನು ಪೂರ್ತಿ ಕೆಳಗಿಳಿಸಿದಳು.

"ಹೌದು. ನಾನೇ."

ಎಲ್ಲವನ್ನೂ ಕೇಳಿದ, ಒಂದನ್ನೂ ಬಿಡಲಿಲ್ಲ. ಚಾರ್ಜು ಎಷ್ಟೆಂದು ಹೇಳಿ, ಅವಳ ಬಾಯಿಂದಲೂ ಹೇಳಿಸಿದ. ಅಜ್ಜಿ ಪರೀಕ್ಷೆಗೆ ಕೂತ ಜಾಣ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟಳು. ಒಂಬತ್ತನೇ ಪ್ರಶ್ನೆ ಬಂತು.

"ವಾಹನದ ದೋಷ ಏನು?"

"ದೋಷವಾ? ಏನೂ ಇಲ್ಲ. ಪೆಟ್ರೋಲ್ ಮುಗಿದಿದೆ."

ಕೊಕ್ಕೆಯಣ್ಣ ಬಗ್ಗಿ ನೋಡಿದ. "ಮುಳ್ಳು ಅರ್ಧ ಟ್ಯಾಂಕ್ ತೋರಿಸ್ತಿದೆಯಲ್ಲಮ್ಮ?"

"ಅದು ನಾಲ್ಕು ವರ್ಷದಿಂದ ಅರ್ಧದಲ್ಲೇ ನಿಂತಿದೆ ಕಣಪ್ಪ! ನಾನು ಕಿಲೋಮೀಟರ್ ಎಣಿಸಿ ಹಾಕಿಸ್ತೀನಿ. ನನ್ನ ಮಗನಿಗೆ ಏನು ಗೊತ್ತು, ಕೇಳಿದ್ರೆ ತಾನೇ?"

ಕೊಕ್ಕೆಯಣ್ಣನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ನೋಡಿ ಅಜ್ಜಿಯೂ ನಕ್ಕಳು. ಇಬ್ಬರೂ ಲಾರಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಎದುರು ಬಂಕಿನ ಹುಡುಗಿ ಪೈಪು ಕೈಯಲ್ಲೇ ಹಿಡಿದು ನೋಡುತ್ತಿದ್ದಳು.

"ಎಲ್ಲಿಗೆ ಬಿಡಬೇಕು ಅಮ್ಮ?"

"ಸದ್ಯಕ್ಕೆ ರಸ್ತೆ ಆಚೆ, ಆ ಬಂಕಿಗೆ. ಆಮೇಲೆ ಮಗ ದೂರು ಬರೆಯೋಕೆ ಹೋಗ್ತೀನಿ ಅಂದನಲ್ಲ, ಅಲ್ಲಿಗೆ ನಾನೇ ಬರ್ತೀನಿ. ನಿನ್ನೊಬ್ಬನನ್ನೇ ಬಿಡೋಕಾಗುತ್ತಾ?"

ಮೇಲೆ ಕೂರಿಸಿಕೊಂಡು ಒಂದಡಿಯೂ ಹೋಗುವುದಿಲ್ಲ ಎಂದು ಅವನು ಪಟ್ಟು ಹಿಡಿದದ್ದರಿಂದ ಅಜ್ಜಿ ಇಳಿದು ಲಾರಿಯ ಮುಂದೆ, ಅವನ ಪಕ್ಕ ಕೂತಳು. ಮುಂದೆ ಹೋಗಿ ತಿರುಗಿಸಿಕೊಂಡು ಬಂದರೂ ಬಂಕಿಗೆ ಇದ್ದದ್ದು ಇನ್ನೂರು ಗಜ. ಅಷ್ಟರಲ್ಲೇ ಮೂರು ಸಲ "ಕ್ಲಚ್ ಮೇಲಿಂದ ಕಾಲು ತೆಗಿ!" ಎಂದು ಗದರಿದಳು. ಇಲ್ಲದ ಬ್ರೇಕನ್ನು ಎರಡು ಸಲ ತುಳಿದಳು. ಇಪ್ಪತ್ತು ವರ್ಷ ಲಾರಿ ಓಡಿಸಿದ ಕೊಕ್ಕೆಯಣ್ಣ ಕೆನ್ನೆ ಕೆಂಪಗೆ ಮಾಡಿಕೊಂಡು ಕಾಲು ತೆಗೆದ.

ಪೆಟ್ರೋಲ್ ಹೊಟ್ಟೆಗೆ ಬಿದ್ದದ್ದೇ ತಡ, ಅಜ್ಜಿ ಕೈಚೀಲದಲ್ಲಿದ್ದ ಇನ್ನೊಂದು ಕೀಲಿ ತೆಗೆದು ತಿರುಗಿಸಿದಳು; ಮೂರನೇ ಸಲಕ್ಕೆ ಕಾರು ಗುರ್ರೆಂದಿತು. ಅಜ್ಜಿ ಅದನ್ನು ಲಾರಿಯ ಇಳಿಜಾರು ಹಲಗೆಯ ಮೇಲಿಂದ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಹಿಮ್ಮುಖವಾಗಿಯೇ ಇಳಿಸಿದಳು. ಬಂಕಿನವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ಮುಂದೆ, ಖಾಲಿ ಲಾರಿ ಹಿಂದೆ, ಸವಾರಿ ಸಾರಿಗೆ ಕಚೇರಿಗೆ ಹೊರಟಿತು.

ಅಲ್ಲಿ ದೂರು ಕಿಟಕಿಯ ಮುಂದೆ ಕೋಟಿನವನು ಪುಸ್ತಕ ಬಿಚ್ಚಿಕೊಂಡು ಬರೆಯುತ್ತಿದ್ದ. 'ಒಪ್ಪಿದ ಜಾಗಕ್ಕೆ ವಾಹನ ತಲುಪಿಸದೆ, ಹೆಚ್ಚುವರಿ ಹಣದ ದುರಾಸೆಯಿಂದ' ಎಂಬಲ್ಲಿಗೆ ಬಂದಿದ್ದ. ಆ ಪುಸ್ತಕದಲ್ಲಿ ತನ್ನ ಹೆಸರು ಎರಡನೇ ಸಲ ಬೀಳುವುದನ್ನು ಕೊಕ್ಕೆಯಣ್ಣ ಕಣ್ಣಾರೆ ನೋಡುತ್ತಿದ್ದ.

ಗುಮಾಸ್ತ ಒಳಗಿನಿಂದ ಕೇಳಿದ: "ವಾಹನ ಯಾರ ಹೆಸರಲ್ಲಿದೆ ಸಾರ್? ದೂರು ಮಾಲೀಕರೇ ಕೊಡಬೇಕು."

"ನಮ್ಮ ತಾಯೀದು. ಅವರಿಗೆ ಇದೆಲ್ಲ ಗೊತ್ತಾಗಲ್ಲ, ವಯಸ್ಸಾಗಿದೆ, ಮನೇಲಿದಾರೆ."

"ಮನೇಲಿಲ್ಲ," ಎಂದಳು ಅಜ್ಜಿ ಅವನ ಹೆಗಲ ಹಿಂದಿನಿಂದ.

ಮಗರಾಯ ಕಕ್ಕಾಬಿಕ್ಕಿಯಾದ. ಎರಡು ಕಿವಿಯೂ ಟೊಮೆಟೊ ಹಣ್ಣು.

"ಅಮ್ಮಾ! ನೀನು ಇಲ್ಲಿಗೆ... ಹೇಗೆ ಬಂದೆ?"

"ಡ್ರೈವ್ ಮಾಡ್ಕೊಂಡು. ನೀನು ಕೆಟ್ಟಿದೆ ಅಂತ ಬಿಟ್ಟುಹೋದ ಕಾರು, ಸ್ವಲ್ಪ ಪೆಟ್ರೋಲ್ ಕೇಳ್ತಿತ್ತು ಅಷ್ಟೆ." ಗುಮಾಸ್ತನತ್ತ ತಿರುಗಿ, "ನಂದೊಂದು ದೂರಿದೆ, ಬರ್ಕೊಳ್ಳಪ್ಪ," ಎಂದಳು.

ಕೊಕ್ಕೆಯಣ್ಣ ಕಣ್ಣು ಮುಚ್ಚಿದ.

"ನನ್ನ ಮಗ ನನ್ನ ಒಂದು ಮಾತು ಕೇಳದೆ ನನ್ನ ಕಾರು ಮಾರೋಕೆ ಹೋಗಿದಾನೆ. ಈ ಲಾರಿಯವನು ಕೇಳಿದ. ಗುರುತಿಲ್ಲ ಪರಿಚಯ ಇಲ್ಲ, ಲಾರಿ ಮೇಲೆ ನಿಂತು ಹನ್ನೊಂದು ಪ್ರಶ್ನೆ ಕೇಳಿದ. ಇದನ್ನ ಹಾಗೇ ಬರಿ."

"ಅಂಥಾ ಕಲಮು ನಮ್ಮ ಪುಸ್ತಕದಲ್ಲಿಲ್ಲ ಟೀಚರ್," ಎಂದ ಗುಮಾಸ್ತ ನಗು ನುಂಗಿಕೊಂಡು. ಅವನೂ ಅವಳ ಹತ್ತಿರವೇ ಕಲಿತವನಿರಬೇಕು.

ಕೋಟಿನವನು ತಲೆ ತಗ್ಗಿಸಿದ. "ನಿನ್ನ ಒಳ್ಳೇದಕ್ಕೇ ಕಣಮ್ಮ. ನೀನು ಎಲ್ಲಾದ್ರೂ ಗುದ್ದಿಕೊಂಡುಬಿಟ್ರೆ ಅಂತ ನನಗೆ ರಾತ್ರಿ ನಿದ್ದೆ ಬರಲ್ಲ."

"ಒಳ್ಳೇದಕ್ಕೇ ಆದ್ರೂ ಕೇಳಬೇಕೋ ಇಲ್ವೋ?"

"ಕೇಳಬೇಕು."

"ಕೇಳು ಮತ್ತೆ."

ಮಗ ಪೆನ್ನು ಕೆಳಗಿಟ್ಟ. "ಅಮ್ಮಾ, ಕಾರು ಮಾರಿಬಿಡೋಣವಾ?"

"ಬೇಡ."

"ಸರಿ."

ಅಷ್ಟೇ ನೋಡಿ! ಇಷ್ಟೇ ಇಷ್ಟು ಮಾತಿಗೆ ಆರು ತಿಂಗಳ ರಾಗ, ಬೆಳಗ್ಗೆ ಐದರ ನಿದ್ದೆ, ಸೇತುವೆಯ ಮೇಲೆ ಅರ್ಧ ಊರಿನ ಬೈಗುಳ. ಅಜ್ಜಿ ಮಗನ ಕೋಟಿನ ಕಾಲರನ್ನು ಸರಿಮಾಡಿ, "ಸೇತುವೆಯಿಂದ ಮರದ ತನಕ ನಿನ್ನ ಸಹಿ, ನೀನು ಕೊಡು. ಮರದಿಂದ ಬಂಕಿನ ತನಕ ನಂದು, ನಾನು ಕೊಡ್ತೀನಿ. ಆಮೇಲೆ ಕಾರು ಹತ್ತು, ಮನೆಗೆ ಬಿಡ್ತೀನಿ. ನೀನೇ ನೋಡಿ ಹೇಳು, ನನಗೆ ಓಡಿಸೋಕೆ ಬರುತ್ತೋ ಇಲ್ವೋ," ಎಂದಳು. ಅವನು ತಾನು ಬರೆದ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಕೊಕ್ಕೆಯಣ್ಣನ ಕೈಹಿಡಿದು ಕುಲುಕಿ, ಚಾರ್ಜು ಎಣಿಸಿ ಕೊಟ್ಟ. ಒಂದು ಪೈಸೆಯ ಚೌಕಾಸಿ ಇಲ್ಲ.

ಸಂಜೆ ಕೊಕ್ಕೆಯಣ್ಣ ಆಫೀಸಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಆಫೀಸೆಂದರೆ ಮನೆಯ ಮುಂದಿನ ಕೋಣೆ: ಒಂದು ಮೇಜು, ಫೋನು, ಟೈಪ್‌ರೈಟರು, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಒಂದು ಕಾಗದ. ಬಸ್ ಡ್ರೈವರಿಂದ ಹಿಡಿದು ಗುಮಾಸ್ತನ ತನಕ ಎಲ್ಲರೂ ಫೋನು ಮಾಡಿದ್ದರು. ಫೋನು ಎಂಗೇಜ್ ಇರದೆ ಏನಾದೀತು? ಹೆಂಡತಿ ಹೊಸ ಚೀಟಿ ಟೈಪ್ ಮಾಡಿ ಮುಗಿಸಿದ್ದಳು. ಹನ್ನೆರಡನೇ ಪ್ರಶ್ನೆ: 'ಒಳಗೆ ಯಾರಾದರೂ ಇದ್ದಾರೆಯೇ? ಇದ್ದರೆ ಅವರನ್ನೂ ಕೇಳಿದ್ದೀರಾ?'

"ತಪ್ಪು ನಂದೇ," ಎಂದಳು. "ಹನ್ನೊಂದಕ್ಕೇ ನಿಲ್ಲಿಸಿಬಿಟ್ಟಿದ್ದೆ." ಆಮೇಲೆ ಮೇಜಿನ ಖಾನೆಯಿಂದ ಒಂದು ಫಾರಂ ತೆಗೆದು ಅವನ ಮುಂದಿಟ್ಟಳು. "ಇದನ್ನೊಂದು ನೋಡಿ."

ಅವನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. ದೂರು ಹಿಂಪಡೆಯುವ ಅರ್ಜಿ. ಅವಳ ಸಹಿ ಆಗಲೇ ಬಿದ್ದಿತ್ತು.

"ನೀವು ಮರೀತೀರ ಅಂತ ಅದನ್ನ ಇಟ್ಕೊಂಡಿದ್ದೆ ಕಣ್ರೀ," ಎಂದಳು ಅವಳು. ದನಿ ಎಂದಿನ ಹಾಗಿರಲಿಲ್ಲ. "ಇವತ್ತು ನಾನು ಫೋನಿಗೆ ಸಿಗಲಿಲ್ಲ, ಪರ್ಮಿಟ್ ಹೋಗೋ ಹಾಗಿತ್ತು, ಆದ್ರೂ ಕೇಳಿದ್ರಿ. ಇನ್ನು ಯಾಕೆ ಅದು? ನಿಮ್ಮದೊಂದು ಸಹಿ ಹಾಕಿದ್ರೆ ನಾಳೇನೇ ಕೊಟ್ಟು ಬರ್ತೀನಿ."

ಹದಿನೈದು ವರ್ಷ ಕಾದ ಗಳಿಗೆ. ಕೊಕ್ಕೆಯಣ್ಣ ಪೆನ್ನು ತೆಗೆದ. ತೆಗೆದವನು, ಚಾಳಿ ಬಿಡದೆ, ಕೆಳಗಿನ ಸಣ್ಣ ಅಕ್ಷರವನ್ನೂ ಓದಿದ: 'ದೂರಿನ ಎಲ್ಲ ನಕಲುಗಳನ್ನು ಕಚೇರಿಗೆ ಒಪ್ಪಿಸತಕ್ಕದ್ದು.'

ಅವನು ತಲೆಯೆತ್ತಿ ಗೋಡೆ ನೋಡಿದ. ಚೌಕಟ್ಟಿನೊಳಗೆ, ಆ ದೂರಿನ ಮಾಸಿದ ನಕಲಿನಲ್ಲಿ, ಅವಳ ದುಂಡು ಅಕ್ಷರ: 'ಈ ವ್ಯಕ್ತಿ ಗಟ್ಟಿಮುಟ್ಟಾಗಿದ್ದಾನೆ. ಕಿವಿ ಕೇಳುತ್ತದೆ, ಬಾಯಿಯೂ ಇದೆ, ನಗುವುದಕ್ಕಂತೂ ಚೆನ್ನಾಗಿ ಬರುತ್ತದೆ. ಆದರೂ ನನ್ನನ್ನು ಒಂದು ಮಾತು ಕೇಳದೆ ನನ್ನ ಸ್ಕೂಟರನ್ನು ಎತ್ತಿಕೊಂಡು ಹೋಗಿದ್ದಾನೆ.'

ಪೆನ್ನಿನ ಮುಚ್ಚಳ ಹಾಕಿದ.

"ಬೇಡ," ಎಂದ.

"ಏನು ಬೇಡ? ವರ್ಷಾವರ್ಷ ಕಾಲು ಹಿಡಿಯೋದೊಂದು ಬಾಕಿ ಇತ್ತಲ್ರೀ!"

"ನೀನು ನನ್ನ ವಿಷಯ ಬರೆದಿರೋ ಪತ್ರ ಅದೊಂದೇ ಕಣೆ. ಗಟ್ಟಿಮುಟ್ಟಾಗಿದಾನೆ ಅಂತ ಬೇರೆ ಬರೆದಿದೀಯ. ಅದನ್ನ ಕಚೇರಿಗೆ ಕೊಟ್ಟು ನಾನೇನು ನೋಡಲಿ?"

ಅವಳು ನಗಬೇಕೋ ಬೈಯಬೇಕೋ ತಿಳಿಯದೆ ಅವನ ಮುಖ ನೋಡಿದಳು. ಕೊನೆಗೆ ಎರಡನ್ನೂ ಮಾಡಿದಳು. ಕಣ್ಣೊರೆಸಿಕೊಂಡು ಫಾರಮ್ಮನ್ನು ಖಾನೆಯೊಳಗಿಟ್ಟಳು.

"ಸರಿ. ಮುಂದಿನ ವರ್ಷ ಮತ್ತೆ ಕೇಳ್ತೀನಿ."

"ಕೇಳು," ಎಂದ ಕೊಕ್ಕೆಯಣ್ಣ.